ಉಜ್ಜಿ ತೆಗೆದ ಕಪ್ಪು ಅಂಚು

ಎರಡು ಖಂಡಗಳು ಗುದ್ದಿ ಎದ್ದ ಹಿಮಾಲಯದ ಆಳದಲ್ಲಿ ನಾನು ಅಲ್ಲಿಂದ ತಂದ ಕಲ್ಲು ಇದ್ದಲ್ಲೇ ಅರ್ಧ ಕರಗಿತ್ತು ಎಂಬುದು ನನ್ನ ಪಿಎಚ್‌ಡಿಯ ವಾದ. ಕರಗಿದ್ದು ಬಿಳಿ ಪಟ್ಟೆಯಾಗಿತ್ತು, ಕರಗದೆ ಉಳಿದದ್ದು ಅದರ ಕಪ್ಪು ಅಂಚು. ಆ ಅಂಚೇ ಪುರಾವೆ. ಅಂಥ ಕಲ್ಲು ನನ್ನಲ್ಲಿದ್ದದ್ದು ಒಂದೇ. ದೆಹಲಿಯ ನಮ್ಮ ಭೂವಿಜ್ಞಾನ ವಿಭಾಗದ ಕಲ್ಲು ಕೊಯ್ಯುವ ಗರಗಸ ಕೆಟ್ಟಿದ್ದರಿಂದ, ಎರಡು ಬಸ್ಸು ಬದಲಿಸಿ ಫರೀದಾಬಾದ್‌ನ ಗ್ರಾನೈಟ್ ಅಂಗಡಿಯಲ್ಲಿ ಸೀಳಲು ಕೊಟ್ಟು, ಚಹಾ ಕುಡಿಯಲು ಹೋದೆ. ಮರಳಿದಾಗ ಬರೀ ಬಿಳಿ ತುಂಡು ಹೊಳೆಯುತ್ತಿತ್ತು.

“ಕಪ್ಪು ಎಲ್ಲಿ ಭಯ್ಯಾ?”

“ಗಲೀಜಾಗಿ ಕಾಣ್ತಿತ್ತು ಸಾಬ್, ಉಜ್ಜಿ ತೆಗೆದೆ. ಈಗ ನೋಡಿ, ಏಕ್‌ದಂ ಮಾರ್ಬಲ್!”

“ಹೋಗಲಿ, ಪ್ರಬಂಧದ ಒಂದು ಅಧ್ಯಾಯ ಹೋಯಿತು,” ಎಂದರು ವಿಭಾಗದಲ್ಲಿ ನನ್ನ ಪಿಎಚ್‌ಡಿ ಗೈಡ್. ಕಲ್ಲು ಕೊಯ್ದವನದೇ ತಪ್ಪು ಎಂದೆ. ನನ್ನ ಡೈರಿಯಲ್ಲೂ ಹಾಗೇ ಇದೆ, ಆದರೆ ಅದನ್ನು ಬರೆದದ್ದು ಗೈಡ್‌ಗೆ ಹೇಳಿದ ಮೇಲೆ. ಅಂಚು ಮುಟ್ಟಬೇಡ ಎಂದು ಅವನಿಗೆ ಹೇಳಿದ್ದೆನೇ? ಹೇಳಿದ ನೆನಪಿದೆ. ಆ ನೆನಪನ್ನು ನಾನು ನಂಬುವುದಿಲ್ಲ.