ಹಡಗಿನ ಊಟಕ್ಕೆ ತೋಳಿಲ್ಲದ ಗೌನು

ನನ್ನ ಗಂಡ ಸಿಮೆಂಟು ಮಾರುತ್ತಾನೆ. ಇಳಕಲ್ಲಿನಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ. ಎದುರಿಗೆ ನಾನು ಅವನನ್ನು ‘ರೀ’ ಎಂದೇ ಕರೆಯುತ್ತೇನೆ, ಊಟಕ್ಕೆ ‘ಬರ್ರಿ’ ಎನ್ನುತ್ತೇನೆ. ಬರೆಯಲು ಕೂತರೆ ಏಕವಚನ ಬರುತ್ತದೆ. ಬರಲಿ. ಇಷ್ಟು ವರ್ಷ ಏಟು ತಿಂದವಳಿಗೆ ಅಷ್ಟಾದರೂ ಸವಲತ್ತು ಬೇಡವೇ?

ಕುಡಿದು ಹೊಡೆಯುತ್ತಿದ್ದ ಎಂದುಕೊಳ್ಳಬೇಡಿ. ಅವನ ಕೊರಳಲ್ಲಿ ಲಿಂಗವಿದೆ, ಪೂಜೆಯಾಗದೆ ಚಹಾ ಕೂಡ ಮುಟ್ಟುವುದಿಲ್ಲ. ಯಾವ ಗುಡಿಯ ಕೆಲಸಕ್ಕೆ ಸಿಮೆಂಟು ಕೇಳಿದರೂ ಇಲ್ಲ ಎಂದವನಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುತ್ತಾರಲ್ಲ, ಆ ಪೈಕಿ. ರೊಟ್ಟಿ ತಣ್ಣಗಾದರೆ ಹೊಡೆಯುತ್ತಿದ್ದ, ಫೋನು ಎತ್ತುವುದು ತಡವಾದರೆ ಹೊಡೆಯುತ್ತಿದ್ದ, ನಾನು ನಕ್ಕರೂ ಹೊಡೆಯುತ್ತಿದ್ದ, ನಗದಿದ್ದರೂ ಹೊಡೆಯುತ್ತಿದ್ದ. ಮುಖಕ್ಕೆ ಮಾತ್ರ ಎಂದೂ ಕೈ ಹಾಕಲಿಲ್ಲ, ಮುಖ ಊರಿಗೆಲ್ಲ ಕಾಣುತ್ತದೆ. ಅವನದು ತೋಳು ಮತ್ತು ಬೆನ್ನು.

ಗಂಡ ಹೆಂಡತಿ ಜಗಳ ಉಂಡು ಮಲಗುವ ತನಕ ಎಂಬ ಗಾದೆ ಕಟ್ಟಿದವರು ಯಾರೋ ಗಂಡಸರೇ ಇರಬೇಕು. ಬೆನ್ನು ನೋಯುವವಳು ಹೇಗೆ ಮಲಗುತ್ತಾಳೆ ಎಂದು ಅವರು ಕೇಳಿದಂತಿಲ್ಲ.

ನಾನು ಬಾದಾಮಿಯಿಂದ ಸೊಸೆಯಾಗಿ ಬಂದ ಹೊಸದರಲ್ಲೇ ಅತ್ತೆ ನನ್ನನ್ನು ಟೇಲರ್ ಹತ್ತಿರ ಕರೆದುಕೊಂಡು ಹೋಗಿದ್ದಳು. “ತೋಳ ಮೊಣಕೈ ದಾಟ್ಲಿ, ಬೆನ್ನ ಮ್ಯಾಲಿನಮಟಾ ಮುಚ್ಚಲಿ” ಎಂದು ಅಳತೆ ಕೊಡಿಸಿದಳು. ಮರ್ಯಾದಸ್ಥ ಮನೆತನ ಎಂದುಕೊಂಡೆ. ಅತ್ತೆಯ ಕುಪ್ಪಸವೂ ಹಾಗೇ ಇತ್ತು, ಮೊಣಕೈ ದಾಟಿದ ತೋಳು. ಯಾಕೆ ಎಂಬುದು ತಿಳಿಯಲು ನನಗೆ ಬಹಳ ದಿನ ಹಿಡಿಯಲಿಲ್ಲ.

ಹೀಗಿರುವಾಗ ಹಡಗು ಬಂತು. ಸಿಮೆಂಟು ಕಂಪನಿಯವರು ಹೆಚ್ಚು ಮಾರಿದ ಡೀಲರುಗಳನ್ನು ಹೆಂಡತಿ ಸಮೇತ ಮುಂಬೈಯಿಂದ ಸಮುದ್ರದ ಮೇಲೆ ತಿರುಗಿಸಿಕೊಂಡು ಬರುತ್ತಾರಂತೆ. ಅದರಲ್ಲಿ ಎರಡು ರಾತ್ರಿ ಡ್ರೆಸ್ಸಿನ ಊಟ. ಗಂಡಸರು ಕೋಟು ಟೈ ಹಾಕಿಕೊಂಡು ಬರಬೇಕು, ಹೆಂಗಸರು ಗೌನು ಅಥವಾ ಅದಕ್ಕೆ ಸಮನಾದದ್ದು ತೊಡಬೇಕು ಎಂದು ಫೋನಿಗೆ ಸಂದೇಶ ಬಂತು.

ಸಮನಾದದ್ದು ನಮ್ಮೂರಲ್ಲೇ ನೇಯುತ್ತಾರಲ್ಲ! ಟೋಪ ತೆನಿ ಎಂಬ ನೇಯ್ಗೆಯ ಕೆಂಪು ಸೆರಗಿನ ಇಳಕಲ್ ಸೀರೆ, ಗುಳೇದಗುಡ್ಡದ ಖಣದ ಕುಪ್ಪಸ. ಅದನ್ನೇ ಉಡುತ್ತೇನೆ ಎಂದೆ.

“ಇಳಕಲ್ ಸೀರಿ ಉಟ್ಕೊಂಡು ಬಜಾರಕ್ಕ ಹೋಗು” ಎಂದ ಅವನು. “ಅಲ್ಲಿ ಮ್ಯಾನೇಜರ್ ಸಾಹೇಬ್ರ ಹೆಂಡ್ತಿ ಗೌನ್ ಹಾಕ್ತಾಳ. ಆಕಿ ಬಾಜೂಕ ನೀ ಜ್ವಾಳ ಹಸನ ಮಾಡಾಕಿ ಕಂಡಂಗ ಕಾಣ್ತಿ.”

“ಜ್ವಾಳ ಹಸನ ಮಾಡಾಕಿ ಕೈಯಾನ ರೊಟ್ಟಿನ ತಿಂತೀರಲ್ರಿ?”

ಅವನ ಹೊಸ ಕೋಟು ಅಂದೇ ಬಂದಿತ್ತು. ಅದರ ಜೊತೆ ಕಟ್ಟಿಗೆಯ ದಪ್ಪ ಹ್ಯಾಂಗರು ಕೊಟ್ಟಿದ್ದರು. ಕೋಟನ್ನು ಜೋಪಾನವಾಗಿ ಮಂಚದ ಮೇಲೆ ಹಾಸಿಟ್ಟು ಹ್ಯಾಂಗರಿನಿಂದ ನನ್ನ ಬಲತೋಳಿಗೆ ಬಾರಿಸಿದ. ಎರಡನೆಯ ಏಟಿಗೇ ಅದು ಮುರಿಯಿತು. ಮುರಿದದ್ದಕ್ಕೆ ಸಿಟ್ಟು ಬಂದು ಉಳಿದ ತುಂಡಿನಿಂದ ಬೆನ್ನಿಗೆ ಹೊಡೆದ. ಬಾಗಿಲಾಚೆ ಅತ್ತೆ ಅಕ್ಕಿ ಆರಿಸುತ್ತ ಕೂತಿದ್ದಳು. ಮೊರದ ಸಪ್ಪಳ ನಿಲ್ಲಲಿಲ್ಲ.

ಕೆಲ ದಿನದಲ್ಲಿ ಬಾಗಲಕೋಟೆಯ ನವನಗರದ ಒಂದು ಬಟ್ಟೆ ಅಂಗಡಿಗೆ ಕರೆದುಕೊಂಡು ಹೋದ. ಅಲ್ಲಿನ ಹುಡುಗಿ ಮೊದಲು ಒಂದು ತೋಳಿಲ್ಲದ ಗೌನು ತೊಡಿಸಿ ನನ್ನನ್ನು ಕನ್ನಡಿಯ ಮುಂದೆ ನಿಲ್ಲಿಸಿದಳು. ನನ್ನ ತೋಳನ್ನು ನಾನೇ ಹಾಗೆ ಇಡಿಯಾಗಿ ನೋಡಿರಲಿಲ್ಲ. ಮೊಣಕೈ ಕೆಳಗೆ ಬಿಸಿಲು ಕಂಡ ಬಣ್ಣ, ಅದರ ಮೇಲೆ ಬಿಸಿಲೇ ಕಾಣದ ಬಿಳಿಚು ಬಣ್ಣ, ಆ ಬಿಳಿಚಿನ ಮೇಲೆ ಹ್ಯಾಂಗರಿನ ನೀಲಿ ಗೆರೆಗಳು, ಅವುಗಳ ಅಡಿಯಲ್ಲಿ ಹಳೆಯ ಹಳದಿ ಕಲೆಗಳು. ಹುಡುಗಿ ಪಿನ್ನು ಚುಚ್ಚುತ್ತಿದ್ದ ಕೈ ನಿಲ್ಲಿಸಿದಳು. ನನಗೆ ನಾಚಿಕೆಯಾಯಿತು. ನಾಚಿಕೆ ನನಗೇ ಯಾಕಾಯಿತು ಎಂದು ಈಗ ನೆನೆದರೆ ಮೈ ಉರಿಯುತ್ತದೆ.

ಅವನೂ ಕನ್ನಡಿಯಲ್ಲಿ ನೋಡಿದ. ಅಂಗಿಗೆ ಬಿದ್ದ ಕಲೆಯ ಬಗ್ಗೆ ಕೇಳುವಂತೆ ಕೇಳಿದ:

“ಇದು ಯಾವಾಗ ಹೋಗ್ತೈತಿ?”

“ಹೊಸಾದು ಆಗ್ಲಿಲ್ಲಂದ್ರ, ಹಡಗ ಹತ್ತೂದ್ರಾಗ ಹೋಗ್ತೈತ್ರಿ” ಎಂದೆ.

ಅವನು ಯೋಚಿಸಿ ತಲೆಯಾಡಿಸಿದ. ಹೊಸದು ಆಗಬಾರದು ಎಂದು ಒಪ್ಪಿಕೊಂಡಂತಾಯಿತು. ನನ್ನ ತಲೆಯಲ್ಲಿ ಏನೋ ಥಟ್ಟನೆ ಹೊಳೆಯಿತು. ಈ ಬಟ್ಟೆ ನನ್ನ ಮೈಯನ್ನು ಎಲ್ಲೆಲ್ಲಿ ತೋರಿಸುತ್ತದೋ ಅಲ್ಲೆಲ್ಲ ಅವನು ಹೊಡೆಯುವಂತಿಲ್ಲ. ಇಷ್ಟು ವರ್ಷ ಮೈಮುಚ್ಚಿಕೊಂಡು ಅವನಿಗೆ ಜಾಗ ಮಾಡಿಕೊಟ್ಟಿದ್ದೇ ಆಯಿತು.

ಹುಡುಗಿಯ ಕಡೆ ತಿರುಗಿ, “ಇದಕ್ಕಿಂತ ಬಿಚ್ಚಿದ್ದು ಐತೇನವಾ?” ಎಂದು ಕೇಳಿದೆ.

ಇತ್ತು. ಕಡುಹಸಿರು ಬಣ್ಣದ್ದು, ತೋಳೇ ಇಲ್ಲದ್ದು, ಬೆನ್ನು ನಡುವಿನ ತನಕ ಖಾಲಿ. ಕೆಳಗೆ ಮಾತ್ರ ಪಾದದ ತನಕ ಬಟ್ಟೆ. ಅದರ ಜೊತೆಗೆ ಎತ್ತರ ಹಿಮ್ಮಡಿಯ ಚಪ್ಪಲಿಯನ್ನೂ ಕೇಳಿ ತೆಗೆದುಕೊಂಡೆ. ಕಾಲಿಗೆ ಒದ್ದರೆ ಕುಂಟುತ್ತೇನೆ, ಆ ಚಪ್ಪಲಿಯಲ್ಲಿ ಕುಂಟುತ್ತ ಊಟಕ್ಕೆ ಹೋಗಲು ಆಗುವುದಿಲ್ಲ. “ಈಗ ಬುದ್ಧಿ ಬಂತ ನೋಡ್” ಎಂದು ಅವನು ಹಿಗ್ಗಿದ.

ಮನೆಯಲ್ಲಿ ಅತ್ತೆ ಗೌನನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿದಳು. “ಶಿವ ಶಿವಾ, ಉಳಿದ ಅರಿವಿ ಎಲ್ಲೈತಿ?”

“ಇಷ್ಟ ರೀ ಅತ್ತಿ.”

ಹಡಗು ಹತ್ತುವವರೆಗಿನ ಆ ವಾರಗಳು ಸುಖದವು ಎನ್ನಲೇ? ಏಟಿರಲಿಲ್ಲ, ನಿಜ. ಕೈ ಎತ್ತುತ್ತಿದ್ದ, ಗೌನು ನೆನಪಾಗಿ ಇಳಿಸುತ್ತಿದ್ದ. ಮನೆಯ ಸಾಮಾನುಗಳು ನನ್ನ ಪಾಲಿನದನ್ನು ತಿಂದವು. ಮಿಕ್ಸರಿನ ಜಾರು ಒಡೆಯಿತು, ಸ್ಟೂಲಿನ ಕಾಲು ಮುರಿಯಿತು, ಸಾರಿನ ಪಾತ್ರೆ ಗೋಡೆಗೆ ಬಡಿದು ಸುಣ್ಣವೆಲ್ಲ ಕೆಂಪಾಯಿತು. ಪ್ರತಿ ಸಲವೂ ಹಲ್ಲು ಕಚ್ಚಿ ಒಂದೇ ಮಾತು ಹೇಳುತ್ತಿದ್ದ: “ಹಡಗ ಇಳಿಯೂಣು, ಆಮ್ಯಾಲ ಐತಿ ನಿನಗ.” ಹಡಗು ದಡ ಸೇರದೆ ಸಮುದ್ರದಲ್ಲೇ ಇರಬಾರದೇ ಎಂದು ಹತ್ತುವ ಮೊದಲೇ ಬೇಡಿಕೊಂಡವಳು ನಾನೊಬ್ಬಳೇ ಇದ್ದೇನು.

ಮೊದಲ ಡ್ರೆಸ್ಸಿನ ಊಟದ ದಿನ ಹಡಗಿನ ಏಸಿ ಗಾಳಿ ಬರಿಬೆನ್ನಿಗೆ ಹೊಡೆದು ನಡುಗಿಹೋದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಎನಿಸಿತು. ಮ್ಯಾನೇಜರರ ಹೆಂಡತಿ, ಬೆಂಗಳೂರಿನವರು, “ತುಂಬಾ ಚೆನ್ನಾಗಿ ಕಾಣ್ತೀರಿ” ಎಂದರು. ಅವನು ಬೀಗಿದ. ಆದರೆ ಅದು ಹೆಚ್ಚು ಹೊತ್ತು ಉಳಿಯಲಿಲ್ಲ. ಕಮತಗಿಯ ಡೀಲರರ ಹೆಂಡತಿ ಬಂದಳು. ಇಳಕಲ್ ಸೀರೆ, ಖಣದ ಕುಪ್ಪಸ, ಮೂಗಿನಲ್ಲಿ ದೊಡ್ಡ ನತ್ತು. ಮ್ಯಾನೇಜರರ ಹೆಂಡತಿ ಕುರ್ಚಿ ಬಿಟ್ಟೆದ್ದು ಹೋಗಿ ಅವಳ ಸೆರಗು ಮುಟ್ಟಿ ನೋಡಿದರು. ಆಮೇಲೆ ಎಲ್ಲ ಫೋಟೋಗಳಲ್ಲೂ ಅವಳೇ ನಡುವೆ. ನನ್ನ ಗಂಡನ ಮುಖ ಸುಟ್ಟ ಬದನೆಕಾಯಿಯಂತಾಯಿತು.

ಎರಡನೆಯ ಡ್ರೆಸ್ಸಿನ ಊಟದ ಸಂಜೆ ಆ ಸಿಟ್ಟೆಲ್ಲ ಹೊರಗೆ ಬಂತು. ನಮ್ಮ ಸಣ್ಣ ಕೋಣೆಯಲ್ಲಿ ನಾನು ಗೌನು ತೊಟ್ಟು ನಿಂತಿದ್ದೆ, ಅವನು ಟೈ ಕಟ್ಟಲು ಬರದೆ ಒದ್ದಾಡುತ್ತಿದ್ದ.

“ಇಳಕಲ್ ಸೀರಿ ಉಡ್ತೇನಿ ಅಂತ ಗಟ್ಟ್ಯಾಗಿ ಯಾಕ ಹೇಳ್ಲಿಲ್ಲ ನೀ? ಬಾಯಿ ಸತ್ತಿತ್ತೇನು?”

ನನಗೆ ನಗೆ ಬಂತು. ತಡೆಯಲು ನೋಡಿದೆ, ಆಗಲಿಲ್ಲ.

ಮುಷ್ಟಿ ಎತ್ತಿಕೊಂಡು ಬಂದ. ನಾನು ಕಣ್ಣು ಮುಚ್ಚಲಿಲ್ಲ, ಆದ್ದರಿಂದ ಮುಂದಿನದನ್ನು ಪೂರ್ತಿ ಕಂಡೆ. ಅವನ ಕಣ್ಣು ಜಾಗ ಹುಡುಕಿತು. ತೋಳು, ಭುಜ, ಕೊರಳು, ಬೆನ್ನು, ಎಲ್ಲ ಬಯಲು. ಕಾಲಿನ ಕಡೆ ನೋಡಿದ, ಎತ್ತರದ ಚಪ್ಪಲಿ ಕಂಡಿತು. ಎತ್ತಿದ ಮುಷ್ಟಿ ಎಲ್ಲಾದರೂ ಬೀಳಬೇಕಲ್ಲ, ಕಪಾಟಿನ ಬಾಗಿಲಿಗೆ ಬಿತ್ತು. ಬಾಗಿಲು ಕಬ್ಬಿಣದ್ದು. ಬೆರಳ ಗೆಣ್ಣುಗಳ ಚರ್ಮ ಕಿತ್ತು ಕೋಟಿನ ತೋಳಿಗೆ ರಕ್ತ ಹತ್ತಿತು. ಅವನು ನೋವಿಗೆ ಕೂಗಿದ. ನನಗೆ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ?

ಊಟದ ಮೇಜಿನಲ್ಲಿ ಮ್ಯಾನೇಜರರ ಹೆಂಡತಿ ಆ ಬಾತ ಕೈ ನೋಡಿ “ಅಯ್ಯೋ, ಏನಾಯ್ತು?” ಎಂದರು.

“ಬಚ್ಚಲದಾಗ ಜಾರಿ ಬಿದ್ದೆ ರೀ” ಎಂದ.

ಆ ಮಾತು ನನ್ನದು! ಊರಿನ ದವಾಖಾನೆಯಲ್ಲಿ, ನೆಂಟರ ಮದುವೆಗಳಲ್ಲಿ, ತವರಿನಲ್ಲಿ, ಎಲ್ಲ ಕಡೆ ನಾನೇ ಹೇಳಿ ಹೇಳಿ ಸವೆಸಿದ ಮಾತು. ಅವನು ಅದನ್ನು ನನ್ನೆದುರೇ ಎತ್ತಿಕೊಂಡು ಬಳಸಿದ, ಯಾರೂ ಎರಡನೆಯ ಪ್ರಶ್ನೆ ಕೇಳಲಿಲ್ಲ. ಸುಳ್ಳು ಎಷ್ಟು ಸಲೀಸಾಗಿ ನಡೆಯುತ್ತದೆ ಎಂಬುದನ್ನು ಆಚೆಯಿಂದ ನೋಡಿದ್ದು ಅದೇ ಮೊದಲು. ಆ ಊಟ ನನಗೆ ಸೇರಲಿಲ್ಲ.

ಹಡಗು ಇಳಿದೆವು. ಇಳಕಲ್ಲಿಗೆ ಬಂದ ಮರುದಿನವೇ ಅವನು ಕೋಣೆಗೆ ಬಂದು ಬಾಗಿಲಿನ ಚಿಲಕ ಹಾಕಿದ. ಕಾರಣ ಕೇಳಬೇಡಿ, ಅವನೂ ಹೇಳಲಿಲ್ಲ. ಜುಟ್ಟು ಹಿಡಿದು ಗೋಡೆಗೆ ನೂಕಿ, ಇಷ್ಟು ವಾರ ತಡೆದಿಟ್ಟದ್ದನ್ನೆಲ್ಲ ತೋಳಿಗೆ, ಬೆನ್ನಿಗೆ ಇಳಿಸಿದ. ಕಪಾಟಿನ ಬಾಗಿಲಿಗೆ ಬಿದ್ದದ್ದೂ ಇದರಲ್ಲಿ ಸೇರಿತ್ತು. ಕೈ ಸೋತ ಮೇಲೆ ಬೆಲ್ಟು ತೆಗೆದ. ನಾನು ನೆಲಕ್ಕೆ ಬಿದ್ದೆ. ನಾಲಿಗೆ ಕಚ್ಚಿಕೊಂಡು ಬಾಯಲ್ಲೆಲ್ಲ ರಕ್ತದ ಉಪ್ಪು ರುಚಿ. ಕೊನೆಗೆ ಅವನು ಬೆವರು ಒರೆಸಿಕೊಂಡು, ಕನ್ನಡಿ ನೋಡಿ ವಿಭೂತಿ ಸರಿ ಮಾಡಿಕೊಂಡು ಅಂಗಡಿಗೆ ಇಳಿದು ಹೋದ.

ಅತ್ತೆ ಒಳಗೆ ಬಂದಳು. ಒಂದು ಕೈಯಲ್ಲಿ ಎಣ್ಣೆಯಲ್ಲಿ ಕಲಸಿದ ಅರಿಷಿಣದ ಬಟ್ಟಲು, ಇನ್ನೊಂದರಲ್ಲಿ ಮೊಣಕೈ ದಾಟುವ ತೋಳಿನ ಕುಪ್ಪಸ. ನಾನು ಅಷ್ಟರಲ್ಲಿ ಎದ್ದು ಕಪಾಟಿನಿಂದ ಗೌನು ತೆಗೆದು ತೊಡುತ್ತಿದ್ದೆ. ಕತ್ತಿನ ಹಿಂದಿನ ಗುಂಡಿಗೆ ಕೈ ಎಟುಕುತ್ತಿರಲಿಲ್ಲ, ತೋಳು ಏಳುತ್ತಿರಲಿಲ್ಲ.

“ಎಲ್ಲಿ ಹೊಂಟಿ?”

“ಅಂಗಡಿಗೆ.”

ಅವಳು ಬಾಗಿಲಿಗೆ ಅಡ್ಡ ನಿಂತಳು. ಇನ್ನೇನು, ಮನೆತನ, ಮಾನ, ಮಂದಿ ಏನಂದಾರು ಎಂದು ಶುರುವಾಗುತ್ತದೆ ಎಂದುಕೊಂಡೆ. ಮುದುಕಿ ಹತ್ತಿರ ಬಂದು ನನ್ನ ತೋಳಿಗೆ ಅರಿಷಿಣ ಹಚ್ಚತೊಡಗಿದಳು. ಒಂದೆರಡು ಬೆರಳಷ್ಟು ಹಚ್ಚಿದವಳು ಅಲ್ಲೇ ನಿಂತಳು. ಬಹಳ ಹೊತ್ತು ನೋಡಿದಳು. ಆಮೇಲೆ ತನ್ನ ಸೆರಗಿನ ತುದಿಯಿಂದ ಹಚ್ಚಿದ್ದನ್ನೆಲ್ಲ ಒರೆಸಿದಳು.

“ಅರಿಷಿಣ ಹಚ್ಚಿದ್ರ ಕಾಣಂಗಿಲ್ಲ. ಹಂಗ ಹೋಗು” ಎಂದಳು. ಕತ್ತಿನ ಗುಂಡಿಯನ್ನು ಅವಳೇ ಹಾಕಿದಳು.

ಅದು ಅಂಗಡಿಯಲ್ಲಿ ಗಿರಾಕಿ ತುಂಬಿರುವ ಹೊತ್ತು. ಗಾಡಿಯಿಂದ ಸಿಮೆಂಟು ಚೀಲ ಇಳಿಯುತ್ತಿದ್ದವು, ಗಾರೆ ಕೆಲಸದ ಗೌಂಡಿಗಳು, ಮನೆ ಕಟ್ಟಿಸುವವರು, ಹುನಗುಂದದಿಂದ ಬಂದ ಒಬ್ಬ ಗುತ್ತಿಗೆದಾರರು. ನಾನು ಮೆಟ್ಟಿಲಿಳಿದು ಬಂದು, ಬರಿತೋಳಿನಲ್ಲಿ, ಬರಿಬೆನ್ನಿನಲ್ಲಿ, ಬೀದಿಗೆ ಮುಖ ಮಾಡಿ ಗಲ್ಲಾದ ಪಕ್ಕದ ಕುರ್ಚಿಯಲ್ಲಿ ಕೂತೆ. ಚೀಲ ಇಳಿಸುವವರು ನಿಂತುಬಿಟ್ಟರು.

“ಒಳಗ ನಡಿ” ಎಂದ ಅವನು, ಸಣ್ಣ ದನಿಯಲ್ಲಿ. ನಾನು ಏಳಲಿಲ್ಲ. “ಕೈ ಮುಗೀತೇನಿ, ಒಳಗ ನಡಿ.”

ನಮ್ಮ ಅಂಗಡಿಗೆ ಮೊದಲಿನಿಂದ ಬರುವ ಒಬ್ಬ ವಯಸ್ಸಾದ ಗೌಂಡಿ ಇದ್ದಾರೆ. ನಾನು ಅವರನ್ನು ಚಾಚಾ ಎನ್ನುತ್ತೇನೆ, ಅವರು ನನ್ನನ್ನು ತಂಗಿ ಎನ್ನುತ್ತಾರೆ. ಅವರೇ ಹತ್ತಿರ ಬಂದು ಕೇಳಿದರು, “ಏನಾತ ತಂಗಿ ಇದು?”

ಬಚ್ಚಲದಾಗ ಜಾರಿ ಬಿದ್ದೆ ಎಂಬ ಮಾತು ರೂಢಿಯಿಂದ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ನುಂಗಿದೆ.

“ನಿಮ್ಮ ಸಾವಕಾರ್ರು ಹೊಡದಾರ್ರಿ ಚಾಚಾ” ಎಂದೆ. ದೂರ ನಿಂತವರಿಗೂ ಕೇಳಲಿ ಎಂದು ಇನ್ನೊಮ್ಮೆ ಹೇಳಿದೆ.

ಅಷ್ಟೂ ಜನ ನನ್ನ ತೋಳು ನೋಡಿದರು, ಆಮೇಲೆ ಒಬ್ಬೊಬ್ಬರಾಗಿ ಅವನ ಕೈಗಳ ಕಡೆ ನೋಡಿದರು. ಬಲಗೈಯ ಗೆಣ್ಣುಗಳು ಇನ್ನೂ ಬಾತೇ ಇದ್ದವು. ಅವನು ಎರಡೂ ಕೈಗಳನ್ನು ಪ್ಯಾಂಟಿನ ಜೇಬಿನಲ್ಲಿ ಹುದುಗಿಸಿಕೊಂಡು ನಿಂತ.