ಜಡೆಪ್ಪನ ಮೂರು ಅಕ್ಷರ

ಜಡೆಪ್ಪ ತನ್ನ ತಪ್ಪನ್ನು ಒಪ್ಪಿಕೊಳ್ಳುವ ಮನುಷ್ಯನಲ್ಲ. ಕೆಲಸ ಬಲ್ಲವನು, ನಿಜ. ಆದರೆ ಶುದ್ಧ ಅಹಂಕಾರಿ. ಕಮಲಾಪುರದ ರಸ್ತೆಯಲ್ಲಿದ್ದ, ಮರ ಕೊಯ್ಯುವ ಅವನ ಸಾಮಿಲ್ಲಿಗೆ ಒಂಬತ್ತು ವರ್ಷದಿಂದ ಎಡತಾಕುತ್ತಿದ್ದ ಗಂಗಾಂಬಿಕೆಗೆ ಈ ವಿಷಯದಲ್ಲಿ ಸಂಶಯವೇ ಇರಲಿಲ್ಲ.

ಪುರಾವೆ ಅಲ್ಲಿನ ಗೋಡೆಗೇ ಒರಗಿ ನಿಂತಿರುತ್ತಿತ್ತು. ಮರ ಕಡೆಯುವವರಿಗಾಗಿ ಅವನು ದಿಮ್ಮಿಗಳಿಂದ ದುಂಡು ಬಿಲ್ಲೆಗಳನ್ನು ಕೊಯ್ದು, ಸೀಳು ಬಿಡದಿರಲೆಂದು ಅಂಚಿಗೆ ಮೇಣ ಬಳಿದು ಇಡುತ್ತಿದ್ದ. ಕೆಟ್ಟದ್ದರ ಮೇಲೆ ಸೀಮೆಸುಣ್ಣದಲ್ಲಿ ಒಂದು ಅಕ್ಷರ ಬರೆಯುವುದು ಅವನ ಪದ್ಧತಿ. ‘ಮ’ ಎಂದರೆ ಮರದ ತಪ್ಪು. ‘ಗ’ ಎಂದರೆ ಗರಗಸದ್ದು. ‘ಕ’ ಎಂದರೆ ಅರ್ಧ ಕೊಯ್ಯುವಾಗ ಹೋದ ಕರೆಂಟಿನದು. ನಲವತ್ತು ವರ್ಷದಲ್ಲಿ ನಾಲ್ಕನೆಯ ಅಕ್ಷರ ಬೇಕಾಗಿರಲಿಲ್ಲ.

“ಮರಕ್ಕ ಬಾಯಿ ಇದ್ದಿದ್ರ ನಿನ್ ಮ್ಯಾಲೆ ಕೇಸ್ ಹಾಕ್ತಿತ್ತು ಲೇ,” ಎಂದು ಅವನ ಜೊತೆಗಾರ ಉಚ್ಚೆಂಗಪ್ಪ ನಗುತ್ತಿದ್ದ.

“ಬಾಯಿ ಇರೋ ನೀ ಏನ್ ಕಡಿದು ಕಟ್ಟಿ ಹಾಕಿದಿ?”

ಗಂಗಾಂಬಿಕೆ ಕಂಪ್ಲಿಯವಳು. ಲೇತಿನ ಮೇಲೆ ತೊಟ್ಟಿಲಿನ ಗುಬ್ಬಿ, ಲಟ್ಟಣಿಗೆ ಕಡೆದೇ ಕೈ ಪಳಗಿಸಿದವಳು. ಪಾಪಿನಾಯಕನಹಳ್ಳಿಯ ಬಳಿ ರಸ್ತೆ ಅಗಲ ಮಾಡಲು ಉರುಳಿಸಿದ ಹುಣಸೆಮರವನ್ನು ಮೊದಲು ಕಂಡು ಜಡೆಪ್ಪನಿಗೆ ಸುದ್ದಿ ಮುಟ್ಟಿಸಿದ್ದು ಅವಳೇ. ಅದರ ಕವಲು ತನಗೆ ಎಂಬುದು ಅವಳ ಕರಾರು. ಎರಡು ಕೊಂಬೆ ಕೂಡುವಲ್ಲಿ ನಾರು ಒಂದನ್ನೊಂದು ತಳ್ಳಿ ಗರಿಯಂಥ ಚಿತ್ತಾರ ಮೂಡಿರುತ್ತದೆ. ಇಡೀ ಗರಿ ಹಿಡಿಸುವ ಹದಿನಾರು ಇಂಚಿನ ಬಟ್ಟಲೊಂದನ್ನು ಕಡೆಯಬೇಕೆಂಬ ಆಸೆಗೆ ಒದಗುವಷ್ಟು ದೊಡ್ಡ ಕವಲು ಈ ಒಂಬತ್ತು ವರ್ಷದಲ್ಲಿ ಇದೊಂದೇ. ಒದ್ದೆ ಗೋಣಿಯ ಕೆಳಗೆ ಅದು ಏಳು ತಿಂಗಳು ಕಾದಿತ್ತು, ಅವಳೂ ಕಾದಿದ್ದಳು.

ಗರಿ ಸಿಗಬೇಕಾದರೆ ಗರಗಸ ಬುಡದ ತಿರುಳನ್ನೂ ಎರಡು ಕೊಂಬೆಗಳ ತಿರುಳನ್ನೂ ಕೂಡಿಸಿಕೊಂಡು ಹೋಗಬೇಕು. ಕೊಯ್ಯುವ ದಿನ ಜಡೆಪ್ಪ ಕವಲಿನ ಮೂರೂ ತುದಿಗಳಲ್ಲಿ ಗೆರೆ ಎಳೆದ. ಎಡಗೊಂಬೆಯ ಗೆರೆ ಕಂಡು ಗಂಗಾಂಬಿಕೆ ಹತ್ತಿರ ಬಂದಳು.

“ದೊಡ್ಡಪ್ಪಾ, ಅದು ತಿರುಳಲ್ಲ. ಯಾರೋ ಮೊಳೆ ಹೊಡದಾರ, ಕಬ್ಬಿಣ ಇಳದು ಕರ್ರಗಾಗೇತಿ. ತಿರುಳು ಎಲ್ಡು ಬೆಟ್ಟು ಈಕಡೆ ಐತಿ ನೋಡ್ರಿ.”

“ಮೊಳೆ ಕಿತ್ತಾಂವ ನಾನು. ನನಗ ಹೇಳ್ತೀಯೇನು?”

“ನೀರು ಹಾಕಿ ನೋಡ್ರಿ ಒಂದ್ಸಲ.”

“ಗಂಗವ್ವ, ನೀ ಹುಟ್ಟೋಕಿಂತ ಮೊದ್ಲಿಂದ ಮರ ನೋಡೀನಿ. ಸರಕೋ.”

ಅವಳು ಸರಿದಳು. ಕೊಯ್ಯುವವನ ಗೆರೆಯನ್ನು ಕೊಳ್ಳುವವರು ಅಳಿಸುವ ರೂಢಿ ಅಲ್ಲಿಲ್ಲ.

ಉಚ್ಚೆಂಗಪ್ಪ ಕವಲು ಹೊತ್ತ ಗಾಡಿಯನ್ನು ಗರಗಸದತ್ತ ತಳ್ಳಿದ. ಗರಗಸದ ಪಟ್ಟಿ ಕಿರುಚುತ್ತಾ ಒಳಹೊಕ್ಕಿತು, ಹುಳಿಮಣ್ಣಿನ ವಾಸನೆ ಎದ್ದಿತು. ಯಂತ್ರ ನಿಂತ ಮೇಲೆ ಇಬ್ಬರೂ ಸೇರಿ ಮೇಲಿನ ಹೋಳನ್ನು ಮಗುಚಿದರು. ಜಡೆಪ್ಪ ಚೊಂಬಿನ ನೀರನ್ನು ಅದರ ಮೇಲೆ ಸುರಿದ.

ಕೆನೆಬಣ್ಣದ ಹೊರಮರದ ನಡುವೆ ನೇರಳೆಗಪ್ಪು ಒಳಮರ, ಚೇಗು, ಹೊಳೆಯಿತು. ಬುಡದಿಂದ ಎದ್ದ ನಾರು, ಭತ್ತದ ಗದ್ದೆಗೆ ಗಾಳಿ ನುಗ್ಗಿದಾಗ ತೆನೆ ಬಾಗುವಂತೆ, ಸಾಲುಸಾಲಾಗಿ ಬಲಕ್ಕೆ ಬಾಗುತ್ತಾ ಹೋಗಿತ್ತು. ಒಂದೊಂದು ಎಳೆಯೂ ಬೆಳಕಿಗೆ ಬೇರೆಯಾಗಿ ಮಿನುಗಿತು. ಗಂಗಾಂಬಿಕೆ ತಲೆಯನ್ನು ಅತ್ತಿತ್ತ ಸರಿಸಿದಾಗ ಇಡೀ ಗರಿ ಉಸಿರಾಡಿದಂತೆ ಕಂಡಿತು. ಇನ್ನೂರು ವರ್ಷ ಆ ಮರದ ನೆರಳಲ್ಲಿ ಜನ ಕೂತು ಎದ್ದು ಹೋಗಿದ್ದರು. ಅದರೊಳಗೆ ಇದು ಇತ್ತೆಂದು ಒಬ್ಬರಿಗೂ ತಿಳಿದಿರಲಿಲ್ಲ. ಅವಳ ಕೈ ತಾನಾಗಿಯೇ ಎದೆಗೆ ಹೋಯಿತು.

ಆಮೇಲೆ ಕಣ್ಣು ಎಡಕ್ಕೆ ಹೊರಳಿತು. ಅಲ್ಲಿ ಏನೂ ಇರಲಿಲ್ಲ. ಬರೀ ನೆಟ್ಟನೆಯ ನಾರು, ಕೊನೆಯಲ್ಲಿ ಮೊಳೆಯ ಕಪ್ಪು ಕಲೆ. ಎಡಗಡೆಯ ಗರಿ ಎರಡು ಬೆರಳು ಆಳದಲ್ಲಿ, ಕೆಳಗಿನ ಹೋಳಿನೊಳಗೆ ಓರೆಯಾಗಿ ಹೂತುಹೋಗಿತ್ತು. ಇನ್ನು ಹೇಗೆ ಕೊಯ್ದರೂ ಎರಡು ಗರಿ ಒಂದೇ ಬಟ್ಟಲಿಗೆ ಬರುವಂತಿರಲಿಲ್ಲ.

ಉಚ್ಚೆಂಗಪ್ಪ ಕೂಡ ತಮಾಷೆ ಮಾಡಲಿಲ್ಲ.

ಜಡೆಪ್ಪ ಸೀಮೆಸುಣ್ಣ ತೆಗೆದು ಹೋಳಿನ ಒಣಗಿದ ತುದಿಯ ಮೇಲೆ ‘ಮ’ ಎಂದು ಬರೆದ. ಗಂಗಾಂಬಿಕೆಗೆ ಅಚ್ಚರಿಯಾಗಲಿಲ್ಲ. ಜಗಳವಾಡಿ ಉಪಯೋಗವೂ ಇರಲಿಲ್ಲ.

“ಬಲಗಡೀದು ಹತ್ತಿಂಚಿಂದಾದ್ರೂ ಕೊಯ್ದು ಕೊಡ್ರಿ,” ಎಂದಳು. “ಅರ್ಧ ಗರಿನಾ ಇರ್ಲಿ, ಕಡೀತೀನಿ.”

ಜಡೆಪ್ಪ ಇನ್ನೊಂದು ಚೊಂಬು ನೀರು ಸುರಿದು ಗರಿಯನ್ನು ಬುಡದಿಂದ ತುದಿಯವರೆಗೆ ಅಂಗೈಯಿಂದ ಸವರಿದ. ಆ ಒದ್ದೆ ಕೈಯ ಹೆಬ್ಬೆಟ್ಟಿನಿಂದಲೇ ‘ಮ’ವನ್ನು ಉಜ್ಜಿ ಅಳಿಸಿದ. ಪಕ್ಕದಲ್ಲಿ, ಒಣಗಿದ್ದ ಜಾಗದಲ್ಲಿ, ಒತ್ತಿ ‘ಜ’ ಎಂದು ಬರೆದ.

“ಇದ್ಯಾವ ಹೊಸ ಅಕ್ಷರ?” ಎಂದ ಉಚ್ಚೆಂಗಪ್ಪ.

“ಮೇಣ ಕಾಸು ಹೋಗು,” ಎಂದ ಜಡೆಪ್ಪ.