ಲೆಕ್ಕಕ್ಕೆ ಬಾರದ ಬಾಡಿಗೆಯವರು

ಬೊಮ್ಮಸಂದ್ರದ ಕಾರ್ಖಾನೆಗಳ ಹಿಂದಿನ ಹಳ್ಳಿಯಲ್ಲಿ ನಾನು ಮೇಷ್ಟ್ರಾಗಿದ್ದಾಗ ಜನಗಣತಿಯೂ ನನ್ನ ತಲೆಗೇ ಬಿತ್ತು. ಮೊದಲು ಹೋದದ್ದು ಊರ ಯಜಮಾನನ ಮನೆಗೆ. ರಾಗಿ ಹೊಲದಲ್ಲಿ ಸಾಲಾಗಿ ಶೀಟಿನ ರೂಮು ಕಟ್ಟಿಸಿ, ಬಾಡಿಗೆಯಲ್ಲೇ ಹೊಟ್ಟೆ ಬೆಳೆಸಿದ್ದ ಮಹಾನುಭಾವ ಅವನು. ರೂಮುಗಳ ತುಂಬ ರಾಯಚೂರು, ಯಾದಗಿರಿ ಕಡೆಯಿಂದ ದುಡಿಯಲು ಬಂದ ಸಂಸಾರಗಳು.

"ರೂಮಿನೋರ್ನ ಯಾಕ್ ಬರ್ಕೊಂತೀರಾ ಮೇಷ್ಟ್ರೇ? ಅವ್ರು ನಮ್ಮೂರೋರಲ್ಲ" ಎಂದ. ಜಯನಗರದಲ್ಲಿ ಮನೆ ಮಾಡಿಕೊಂಡು, ಹಬ್ಬಕ್ಕೂ ಇತ್ತ ತಲೆ ಹಾಕದ ತಮ್ಮನನ್ನು ಮಾತ್ರ ಮೊದಲು ಬರೆಸಲು ಹೊರಟ. ನಾನು ಅವನ ಮಾತನ್ನು ಕಿವಿಗೆ ಹಾಕಿಕೊಳ್ಳದೆ ರೂಮು ರೂಮಿಗೂ ಹೋಗಿ ಬರೆದುಕೊಂಡೆ.

ಬೇಸಿಗೆಯಲ್ಲಿ ಪಂಚಾಯಿತಿಯ ಇಂಜಿನಿಯರ್ ಬಂದರು. ಆಗ ಅದೇ ಬಾಯಿ, "ಊರ್ ತುಂಬಾ ಜನ ಅವ್ರೆ ಸಾರ್! ಆ ರೂಮಿನೋರೂ ನಮ್ಮೋರೇಯ. ಒಂದು ಬೋರ್‌ವೆಲ್ಲು ಎಲ್ಲಿ ಸಾಕಾಯ್ತದೆ?" ಎಂದು ಗೋಳಾಡಿತು. ಇನ್ನೊಂದು ಬೋರ್‌ವೆಲ್ ಕೊರೆದರು, ಅವನ ಮನೆ ಮುಂದೆಯೇ. ನೀರು ಬಂದ ದಿನವೇ ಅವನು ನಲ್ಲಿಗೆ ಬೀಗ ಜಡಿದ.

ಯಾಕೆಂದು ಕೇಳಿದೆ.

"ಬಾಡ್ಗೆಯೋರೇ ಎಲ್ಲಾ ಇಡ್ಕೊಂಡ್ಬಿಟ್ರೆ, ಊರೋರಿಗೆ ಬ್ಯಾಡ್ವಾ ಮೇಷ್ಟ್ರೇ?"